ಆ 850 ರೂಪಾಯಿ ಯಾರದು?

2011ರ ಶ್ರಾವಣದ ಒಂದು ಐತವಾರ. ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಒಂದು ಹಳ್ಳಿ. ಬೇವಿನ ಕಟ್ಟೆಯ ಮೇಲೆ ಮೇಸ್ತ್ರಿ ಕೂತಿದ್ದ. ನೆಲ್ಲು ನಾಟಿ ಮುಗಿಸಿ ಬಂದ ಕೇರಿಯ 17 ಮಂದಿ ಹೆಣ್ಣುಮಕ್ಕಳು ಕೆಳಗೆ ನೆಲದ ಮೇಲೆ ಕೂತಿದ್ದರು. ನಾನು ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದೆ. ಆ ಊರಿನ ಸಾಲಿ ಮಾಸ್ತರ ನಾನು.

ಏಳು ಎಕರೆ ನಾಟಿ, ಎಕರೆಗೆ 1,500 ರೂಪಾಯಿ ಗುತ್ತಿಗೆ, ಮೊದಲೇ ಕೊಟ್ಟ ಅಡ್ವಾನ್ಸ್ 2,000. ಮೇಸ್ತ್ರಿ ಇಷ್ಟು ಹೇಳಿ ತಲೆಗೆ 450ರಂತೆ ಎಣಿಸತೊಡಗಿದ. ಅವ್ವನ ಸೆರಗು ಹಿಡಿದು ನಿಂತಿದ್ದ ಹತ್ತು ವರ್ಷದ ಹುಡುಗಿ ಬಾಯಿ ತೆಗೆದಳು:

"ಮಾವಾ, ತಲಿಗೆ 500 ಬರ್ತೈತಲ್ಲ? ನೀ 450 ಕೊಟ್ರ ಇನ್ನೂ 850 ಉಳೀತೈತಿ. ಅದು ಯಾರದು?"

ಮೇಸ್ತ್ರಿಯ ಕೈ ನಿಂತಿತು. "ಟ್ರ್ಯಾಕ್ಟರ್ ಬಾಡಿಗಿ ಯಾರು ಕೊಡ್ತಾರಲೇ, ನಿಮ್ಮಪ್ಪ ಕೊಡ್ತಾನೇನು?" ಅಂದ.

"ಟ್ರ್ಯಾಕ್ಟರ್ ಗೌಡ್ರದು ಐತಿ. ಬಾಡಿಗಿ ಇಲ್ಲಂತ ನೀನs ಹೇಳಿದ್ದಿ."

ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಚಾದ ದುಡ್ಡು ಕೊಟ್ಟು ಮನೆಗೆ ಹೋದೆ. ಗೆಳೆಯರೇ, ನನ್ನ ಅಪರಾಧ ಶುರುವಾದದ್ದು ಆ ನಗುವಿನಿಂದ. ಆ ಹುಡುಗಿ ನನ್ನದೇ ನಾಲ್ಕನೆಯ ತರಗತಿಯಲ್ಲಿ ಕೂಡುತ್ತಿದ್ದಳು.

ಸೋಮವಾರ ಹಲಗೆಯ ಮೇಲೆ ಹತ್ತು ಭಾಗಾಕಾರದ ಲೆಕ್ಕ ಬರೆದೆ. ನಾನು ಬರೆದು ತಿರುಗುವಷ್ಟರಲ್ಲಿ ಆಕೆ ಮುಗಿಸಿದ್ದಳು. ಮುಗಿಸಿದ ಮಗು ಏನು ಮಾಡಬೇಕು? ಪಕ್ಕದವಳಿಗೆ ಉತ್ತರ ಹೇಳಿದಳು, ಹಿಂದಿನವನ ಪಾಟಿ ಕಸಿದಳು, "ಸರ, ಶೂನ್ಯದಿಂದ ಭಾಗಿಸಿದ್ರ ಏನಾಗ್ತೈತಿ?" ಅಂತ ಕೇಳಿದಳು. ನನಗೆ ಅದಕ್ಕೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಎರಡು ತರಗತಿ ಒಂದೇ ಕೋಣೆ, ಮಾಸ್ತರ ಒಬ್ಬ. "ಬಾಯಿ ಮುಚ್ಚು, ಹೋಗಿ ಒಂದನೇತ್ತ ಹುಡುಗರನ್ನ ಹಿಡಿ" ಅಂದೆ. ಮರುದಿನವೂ ಅದೇ ಮಾಡಿದೆ. ಸೀಮೆಸುಣ್ಣ ತರಲು ಆಕೆ, ಹಾಜರಿ ಪುಸ್ತಕ ಒಯ್ಯಲು ಆಕೆ, ಸಣ್ಣ ಮಕ್ಕಳ ಮೂಗು ಒರೆಸಲು ಆಕೆ. ಅದಕ್ಕೆ "ಮಾನಿಟರ್" ಅಂತ ಒಂದು ಇಂಗ್ಲಿಷ್ ಹೆಸರು ಕೊಟ್ಟೆ. ವರ್ಷದ ಕೊನೆಗೆ ಅವಳ ದಾಖಲೆಯಲ್ಲಿ ನಾನೇ ಬರೆದದ್ದು: "ಚುರುಕು, ಆದರೆ ಗಲಾಟೆ."

ತಿಂಗಳಿಗೊಮ್ಮೆ ನಮ್ಮ ಕ್ಲಸ್ಟರಿನ ಮಾಸ್ತರರೆಲ್ಲ ಸೇರುವ ಸಮಾಲೋಚನಾ ಸಭೆ ಇರುತ್ತದೆ. ಅಲ್ಲಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಹೆಸರು ಕೇಳಿದರು, ನಾನು 11 ಹೆಸರು ಬರೆದುಕೊಟ್ಟೆ. ಮುಂದೆ ಓಡುವ ಮಗುವಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರುವರ್ಷ ಐದನೆಯ ತರಗತಿಗೆ ಜೂನ್‌ನಲ್ಲಿ ಬಂದಳು, ಜುಲೈನಲ್ಲಿ ಬಂದಳು. ಹತ್ತಿಯ ಕ್ರಾಸಿಂಗ್ ಶುರುವಾದ ಮೇಲೆ ಬರಲಿಲ್ಲ. ಬೀಜದ ಹತ್ತಿಯ ಹೊಲದ ಕೆಲಸ ನಿಮಗೆ ಗೊತ್ತಿರಬೇಕು. ಮಧ್ಯಾಹ್ನದ ಮೇಲೆ ಮೊಗ್ಗು ಬಿಡಿಸಿ ಅದರ ಗಂಡು ಭಾಗ ಕೀಳಬೇಕು, ಮರುದಿನ ಮುಂಜಾನೆ ಇನ್ನೊಂದು ತಳಿಯ ಹೂವಿನ ಪರಾಗ ತಂದು ಮುಟ್ಟಿಸಬೇಕು. ಸಣ್ಣ ಬೆರಳು ಬೇಕು, ಸಣ್ಣ ಎತ್ತರ ಬೇಕು, ಸಣ್ಣ ಕೂಲಿ ಬೇಕು. ಮೂರೂ ನಮ್ಮ ಕೇರಿಯ ಮಕ್ಕಳಲ್ಲಿ ಸಿಗುತ್ತವೆ. ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ ಒಂದರಿಂದಲೇ ಜಾರಿಯಲ್ಲಿತ್ತು. ಆ ಕಾಯ್ದೆಯ ಬಲದಿಂದ ನಾನು ಅವಳ ಮನೆಗೆ ಹೋದೆ. ಅವಳ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಸಾಲ್ಯಾಗ ಆಕಿಗೆ ಏನ್ ಹೊಸಾದು ಕಲಿಸಿದ್ರಿ ಸರ? ಎಲ್ಲಾ ನನಗ ಬರ್ತೈತವ್ವಾ ಅಂತಾಳ. ಸಣ್ಣ ಹುಡುಗರನ್ನ ಹಿಡಿಯಾಕ ಸಾಲಿಗೆ ಯಾಕ ಬರಬೇಕ್ರಿ? ನಮ್ಮ ಮನ್ಯಾಗೂ ಅದಾವು."

ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಆ ತಾಯಿಯ ಮಾತಿಗೆ ಉತ್ತರ ಸಿಗಲಿಲ್ಲ. ಬಡತನ ಅವಳನ್ನು ಹೊಲಕ್ಕೆ ಒಯ್ದಿತು ಎಂದು ಬರೆದರೆ ನನಗೆ ಸಲೀಸು. ಅದು ಅರ್ಧ ನಿಜ. ಉಳಿದ ಅರ್ಧ: ಸಾಲಿ ಅವಳನ್ನು ಹಿಡಿದು ನಿಲ್ಲಿಸುವಂಥದ್ದೇನನ್ನೂ ಕೊಡಲಿಲ್ಲ.

ಈ ತಪ್ಪು ಬೇರೆ ಯಾರೋ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾನು ಮಸ್ಕಿ ಸುತ್ತಿನ ಒಂದು ಹಳ್ಳಿಯ ಮಾದಿಗರ ಹುಡುಗ. ಮಸ್ಕಿ ಈಗ ತಾಲ್ಲೂಕು, ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರು. 1976ರಲ್ಲಿ ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಬಾಗಿಲ ಹೊಸ್ತಿಲ ಹತ್ತಿರ ಗೋಣಿಚೀಲ ಹಾಸಿಕೊಂಡು ಕೂಡುತ್ತಿದ್ದೆ. ಹೊಸ್ತಿಲಿನಿಂದ ಒಂದು ಲಾಭವಿತ್ತು. ಪಡಸಾಲೆಯಲ್ಲಿ ನಡೆಯುತ್ತಿದ್ದ ಏಳನೆಯ ತರಗತಿಯ ಪಾಠ ಕಿವಿಗೆ ಬೀಳುತ್ತಿತ್ತು. ಬಡ್ಡಿಯ ಲೆಕ್ಕ ನಾನು ಕಲಿತದ್ದು ಹಾಗೆ. ಮನೆಯಲ್ಲಿ ಅಪ್ಪನ ಸಾಲದ ಲೆಕ್ಕಕ್ಕೆ ಅದನ್ನು ಹಚ್ಚಿ ನೋಡಿ, ಸಾಹುಕಾರನ ಲೆಕ್ಕ ತಪ್ಪು ಅಂದು, ಅಪ್ಪನ ಕೈಯಿಂದಲೇ ಏಟು ತಿಂದೆ.

ನಮ್ಮ ತರಗತಿಯ ಮಾಸ್ತರು ಒಂದು ದಿನ ನನ್ನ ನೋಟುಬುಕ್ಕಿನ ಕೊನೆಯ ಹಾಳೆಗಳನ್ನು ನೋಡಿದರು. ಏನೂ ಅನ್ನಲಿಲ್ಲ. ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ನೋಟುಬುಕ್ಕು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಲಿಂಗಸುಗೂರಿನಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರೊಬ್ಬರಿಗೆ ಅದನ್ನು ತೋರಿಸಿದರಂತೆ. ಇದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. 1992ರಲ್ಲಿ ನನಗೆ ನೌಕರಿ ಸಿಕ್ಕಾಗ ಅವರ ಕಾಲು ಮುಟ್ಟಲು ಹೋಗಿದ್ದೆ. ಹಣ್ಣಾದ ಮುದುಕರು, ನಗುತ್ತ ಹೇಳಿದರು:

"ಇವನ್ನ ಎರಡು ಕ್ಲಾಸ್ ಮುಂದ ದೂಡ್ಲೇನು ಅಂತ ಕೇಳಿದ್ನೋ ತಮ್ಮಾ. ಅವರು ಬ್ಯಾಡ ಅಂದ್ರು. ಅಲ್ಲೇ ಇರ್ಲಿ, ಆದ್ರ ಬಂದ ಲೆಕ್ಕ ಮತ್ತ ಮತ್ತ ಮಾಡಿಸಬ್ಯಾಡ್ರಿ, ಆರನೇತ್ತ ಲೆಕ್ಕ ಕೊಡ್ರಿ, ದಿನಾ ಹತ್ತು ನಿಮಿಷ ಮಗ್ಗಲಕ್ಕ ಕುಂದ್ರಿ ಅಂದ್ರು. ಕಡೀಕ ಒಂದು ಮಾತು ಕೇಳಿದ್ರು. ಹುಡುಗ ಎಲ್ಲಿ ಕುಂದ್ರತಾನ ಅಂತ. ಹೊಸ್ತಿಲದಾಗ ಅಂದೆ. ಮೊದಲು ಅದನ್ನ ಸರಿ ಮಾಡ್ರಿ, ಲೆಕ್ಕ ಆಮ್ಯಾಲೆ ಅಂದ್ರು."

ಸೋಮವಾರ ನನ್ನ ಗೋಣಿಚೀಲ ಒಳಗೆ ಬಂದದ್ದು ನೆನಪಿದೆ. ಊರಿನಲ್ಲಿ ಗುಸುಗುಸು ಆಯಿತು. ಮಾಸ್ತರು ಕಿವುಡರಂತೆ ಇದ್ದುಬಿಟ್ಟರು. ಆ ಲಿಂಗಸುಗೂರಿನ ಮಾಸ್ತರರನ್ನು ನಾನು ಜೀವಮಾನದಲ್ಲಿ ನೋಡಲಿಲ್ಲ, ಅವರೂ ನನ್ನನ್ನು ನೋಡಲಿಲ್ಲ. ಒಂದು ಮಧ್ಯಾಹ್ನ ಇಬ್ಬರು ಮಾಸ್ತರರು ಒಂದು ನೋಟುಬುಕ್ಕಿನ ಮೇಲೆ ಬಗ್ಗಿ ಮಾತಾಡಿದ್ದರಿಂದ ನಾನು ಜೀತಕ್ಕೆ ಹೋಗಲಿಲ್ಲ. ಅಂಥವನು ನಾನು, ಆ ಹುಡುಗಿಯನ್ನು ಸಣ್ಣ ಮಕ್ಕಳನ್ನು ಹಿಡಿಯಲು ಕಳಿಸಿದೆ.

ಈಗ ಒಂದು ಮಾತು ನಮ್ಮ ಚಳವಳಿಯ ಗೆಳೆಯರಿಗೆ. "ಪ್ರತಿಭೆ" ಎಂಬ ಶಬ್ದ ಕೇಳಿದರೆ ನಮಗೆ ಮೈ ಉರಿಯುತ್ತದೆ. ಉರಿಯುವುದಕ್ಕೆ ಕಾರಣವಿದೆ. 1975ರಲ್ಲಿ ಹಾವನೂರು ಆಯೋಗದ ವರದಿ ಬಂದಾಗಲೂ, 1990ರಲ್ಲಿ ಮಂಡಲ್ ವರದಿ ಜಾರಿ ಮಾಡುತ್ತೇವೆಂದಾಗಲೂ ಮೀಸಲಾತಿಯ ವಿರುದ್ಧ ಬೀಸಿದ ದೊಣ್ಣೆಗೆ ಪ್ರತಿಭೆ ಅಂತಲೇ ಹೆಸರಿತ್ತು. ತಲೆಮಾರುಗಳ ಅನ್ನ, ಅಕ್ಷರ, ಟ್ಯೂಷನ್ ಎಲ್ಲ ಕೂಡಿಸಿ ಬಂದ ಮೊತ್ತಕ್ಕೆ ಅವರು ಪ್ರತಿಭೆ ಎಂದರು. ನಾವು ಸಿಟ್ಟಿನಿಂದ ಆ ಶಬ್ದವನ್ನೇ ಅವರಿಗೆ ಬಿಟ್ಟುಕೊಟ್ಟೆವು. ಅದರಿಂದ ನಷ್ಟವಾದದ್ದು ಬೇವಿನ ಕಟ್ಟೆಯ ಕೆಳಗೆ ನಿಂತು ಲೆಕ್ಕ ಕೇಳಿದ ಹುಡುಗಿಗೆ. ನಮ್ಮ ಮಕ್ಕಳಿಗೆ ಹಾಸ್ಟೆಲು ಕೇಳಿದೆವು, ಸ್ಕಾಲರ್‌ಶಿಪ್ಪು ಕೇಳಿದೆವು, ಕೇಳಲೇಬೇಕಿತ್ತು. ನಮ್ಮ ಮಕ್ಕಳ ತಲೆಗೆ ತಕ್ಕ ಪಾಠ ಕೊಡ್ರಿ ಅಂತ ಕೇಳಲಿಲ್ಲ.

ಬಾಬಾಸಾಹೇಬರನ್ನೇ ನೋಡಿ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮಾಸ್ತರು ಅವರನ್ನು ಹಲಗೆಗೆ ಕರೆದಾಗ, ಉಳಿದ ಹುಡುಗರು ಓಡಿಹೋಗಿ ಹಲಗೆಯ ಹಿಂದಿಟ್ಟಿದ್ದ ತಮ್ಮ ಬುತ್ತಿಯ ಡಬ್ಬಿ ತೆಗೆದುಕೊಂಡರು. ಅಷ್ಟು ದೊಡ್ಡ ತಲೆ ಕೂತಿದ್ದ ತರಗತಿಗೆ ಕಂಡದ್ದು ಮೈಲಿಗೆ ಮಾತ್ರ. ತೋಟದಲ್ಲಿ ಒಬ್ಬನೇ ಕೂತು ಓದುತ್ತಿದ್ದ ಆ ಹುಡುಗನನ್ನು ಗಮನಿಸಿದವರು ಬೇರೆ ಶಾಲೆಯ ಮಾಸ್ತರು, ಕೃಷ್ಣಾಜಿ ಅರ್ಜುನ ಕೇಲೂಸ್ಕರ್. 1907ರಲ್ಲಿ ಅಂಬೇಡ್ಕರರು ಮೆಟ್ರಿಕ್ ಪಾಸಾದಾಗ ತಾವು ಬರೆದ ಬುದ್ಧನ ಚರಿತ್ರೆಯನ್ನು ಅವರ ಕೈಗಿಟ್ಟರು. ಮುಂದೆ ಕಾಲೇಜಿನ ಓದು ನಿಲ್ಲುವಂತಾದಾಗ ಬರೋಡೆಯ ಸಯಾಜಿರಾವ್ ಮಹಾರಾಜರ ತನಕ ಹೋಗಿ ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ಕೊಡಿಸಿದರು. ಕೇಲೂಸ್ಕರರು ಪ್ರತಿಭೆಯನ್ನು ಹುಟ್ಟಿಸಲಿಲ್ಲ. ಕಂಡರು, ಕಂಡದ್ದನ್ನು ಇನ್ನೊಬ್ಬರಿಗೆ ಹೇಳಿದರು. ಆದರೆ ತರಗತಿಯೊಳಗಿನ ಮಾಸ್ತರು ಕಣ್ಣು ತೆರೆಯದಿದ್ದರೆ, ಕೋಟಿಗೊಬ್ಬ ಕೇಲೂಸ್ಕರರನ್ನು ನಂಬಿ ನಮ್ಮ ಎಷ್ಟು ಮಕ್ಕಳು ತೋಟದಲ್ಲಿ ಕಾಯಬೇಕು?

ಸರ್ಕಾರ ಏನೂ ಮಾಡಿಲ್ಲ ಅನ್ನುವುದಿಲ್ಲ. ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿದೆ. ಐದನೆಯ ತರಗತಿಯ ಮಕ್ಕಳಿಗೆ ಪ್ರವೇಶ ಪರೀಕ್ಷೆ, ಆರಕ್ಕೆ 80 ಸೀಟು. ಮುರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಎಂಟನೆಯ ತರಗತಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ವಿಶೇಷ ಪ್ರತಿಭೆಯ ಮಕ್ಕಳನ್ನು ಗುರುತಿಸಿ ಬೆಳೆಸುವ ವಿಧಾನವನ್ನು ಮಾಸ್ತರರ ತರಬೇತಿಯಲ್ಲೇ ಸೇರಿಸಬೇಕು ಎನ್ನುತ್ತದೆ. ಇವೆಲ್ಲ ಬೇಕು. ಆದರೆ ಇವುಗಳಲ್ಲಿ ಹೆಚ್ಚಿನವು ಮಗುವನ್ನು ಆರಿಸಿ ತೆಗೆಯುವ ದಾರಿಗಳು.

ಆರಿಸಿ ತೆಗೆಯುವುದು ಅಂದರೆ ನಮ್ಮ ಕಡೆಯವರಿಗೆ ಹಟ್ಟಿ ಚಿನ್ನದ ಗಣಿ ನೆನಪಾಗಬೇಕು. ಅದೂ ಲಿಂಗಸುಗೂರು ತಾಲ್ಲೂಕಿನದೇ. ಟನ್‌ಗಟ್ಟಲೆ ಕಲ್ಲು ಪುಡಿ ಮಾಡಿ ಕೆಲವು ಗ್ರಾಂ ಬಂಗಾರ ತೆಗೆಯುತ್ತಾರೆ, ಉಳಿದ ಪುಡಿಯನ್ನು ಗುಡ್ಡ ಹಾಕುತ್ತಾರೆ. ಕಲ್ಲಿಗೆ ಇದು ಸರಿ. ಮಕ್ಕಳು ಅದಿರಲ್ಲ. ನಾಲ್ಕು ಮಕ್ಕಳನ್ನು ತೆಗೆದುಕೊಂಡು ಮೂವತ್ತಾರು ಮಕ್ಕಳನ್ನು ಗುಡ್ಡ ಹಾಕುವ ವಿದ್ಯೆ ನಮ್ಮ ಚಳವಳಿಯ ವಿದ್ಯೆ ಆಗಲಾರದು. ಚುರುಕು ಮಗುವನ್ನು ಅದರ ತರಗತಿಯಲ್ಲೇ ಬೆಳೆಸಬೇಕು, ಅದರ ಕಾವು ಉಳಿದವರಿಗೂ ತಾಗಬೇಕು. ಹಾಗಾಗಬೇಕಾದರೆ ಕೆಲಸ ಶುರುವಾಗಬೇಕಾದದ್ದು ತರಗತಿಯ ಮಾಸ್ತರರ ಜೊತೆ.

2019ರಲ್ಲಿ ನಾನು ಸಿಆರ್‌ಪಿಯಾಗಿ ಮಸ್ಕಿ ಕಡೆ ಬಂದಿದ್ದೆ. ಒಂದು ಸಮಾಲೋಚನಾ ಸಭೆಯಲ್ಲಿ ಹಳೆಯ ನಮೂನೆಗೆ ನನ್ನದೇ ಕೈಯಿಂದ ಒಂದು ಪ್ರಶ್ನೆ ಸೇರಿಸಿದೆ: "ನಿಮ್ಮ ತರಗತಿಯಲ್ಲಿ ನಿಮಗೆ ಅರ್ಥವಾಗದ ಮಗು ಯಾವುದು?" ಜಾಣ ಮಗು ಯಾವುದು ಅಂತ ಕೇಳಿದ್ದರೆ ಪಟೇಲರ ಮನೆಯ, ಮಾಸ್ತರರ ಮನೆಯ ಮಕ್ಕಳ ಹೆಸರು ಬರುತ್ತಿದ್ದವು. ಇದು ಅನುಭವದ ಮಾತು. ಆರನೆಯ ತರಗತಿಯ ಮೇಡಂ ಒಬ್ಬರು ಸಿಡುಕಿನಿಂದಲೇ ಹೇಳಿದರು:

"ತಾಂಡಾದ ಒಬ್ಬ ಹುಡುಗ ಅದಾನ್ರಿ ಸರ. ಬಾಯಿ ಬಿಡಂಗಿಲ್ಲ. ನಾಕು ತಿಂಗಳು ಅವ್ವ ಅಪ್ಪನ ಸಂಗಟ ಬೆಂಗಳೂರಿಗೆ ಗುಳೇ ಹೋಗಿ ಬಂದಾನ. ಗಣಿತದ ಪುಸ್ತಕದ ಹಿಂದ ಬರೇ ಗೀಟು ಹೊಡಿತಾನ. ದಡ್ಡ ಅಂತ ಹೇಳಾಕೂ ಮನಸ್ಸು ಬರವಲ್ದು."

"ಆ ಗೀಟು ತಗೊಂಡ್ ಬರ್ರಿ, ಇಬ್ರೂ ನೋಡೂಣು" ಅಂದೆ.

ಮುಂದಿನ ವಾರ ನಾವಿಬ್ಬರೂ ಆ ಪುಸ್ತಕ ಬಿಡಿಸಿಕೊಂಡು ಕೂತೆವು. ಹುಡುಗ ಅಪ್ಪ ಅವ್ವ ಕಲ್ಲು ಹೊತ್ತ ಕಟ್ಟಡವನ್ನು ಬರೆದಿದ್ದ. ಮೇಲಿನಿಂದ ನೋಡಿದರೆ ಹೇಗೆ, ಮಗ್ಗುಲಿನಿಂದ ನೋಡಿದರೆ ಹೇಗೆ, ಮೆಟ್ಟಿಲು ಎಲ್ಲಿ ತಿರುಗುತ್ತದೆ, ಎಲ್ಲವೂ ಅಳತೆಗೆ ಸರಿಯಾಗಿ. ಯಾರೂ ಅವನಿಗೆ ಪ್ರಮಾಣ, ನಕಾಶೆ ಅಂತ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಲಂಬಾಣಿ ಮಾತಾಡುವ ಹುಡುಗ, ಕನ್ನಡದ ತರಗತಿಯಲ್ಲಿ ಮೂಕನಾಗಿ ಕೂತಿದ್ದ. ಮೇಡಂ ಬಹಳ ಹೊತ್ತು ಸುಮ್ಮನಿದ್ದು, "ನಾ ಇದಕ್ಕ ಬೈದೀನ್ರಿ ಸರ" ಅಂದರು. "ನಾನೂ ಒಬ್ಬಾಕಿಗೆ ಬೈದೀನ್ರಿ ಮೇಡಂ" ಅಂದೆ. ಸಿಂಧನೂರು ಕಡೆಯ ಕಥೆ ಹೇಳಿದೆ. ಅವತ್ತಿನಿಂದ ನಮ್ಮ ಮಾತು ಅಧಿಕಾರಿ ಮತ್ತು ಮಾಸ್ತರರ ಮಾತಾಗಿ ಉಳಿಯಲಿಲ್ಲ.

ಆಮೇಲೆ ಮಾಡಿದ್ದು ಸಣ್ಣ ಸಣ್ಣ ಕೆಲಸ. ಇಡೀ ತರಗತಿಗೆ ಸಾಲಿಯ ಕಟ್ಟಡ ಅಳೆದು ನಕಾಶೆ ಬರೆಯುವ ಕೆಲಸ ಕೊಟ್ಟರು. ಹುಡುಗನ ಕೈಗೆ ಟೇಪು ಬಂತು, ಟೇಪಿನ ಜೊತೆ ಮಾತೂ ಬಂತು. ಕ್ಷೇತ್ರಫಲದ ಪಾಠ ಅವನ ನಕಾಶೆಯ ಮೇಲೆ ನಡೆಯಿತು. ಹಿಂದೆ ಉಳಿದ ಮಕ್ಕಳಿಗೂ ಆ ಪಾಠ ಕೈಗೆ ಸಿಕ್ಕಿತು. ಅವನು ತಪ್ಪಿಸಿಕೊಂಡ ನಾಲ್ಕು ತಿಂಗಳ ಕನ್ನಡ ಪಾಠಕ್ಕೆ ಮೇಡಂ ಬೇರೆಯಾಗಿ ಕೂತರು. ಮಗು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರಬಹುದು ಎಂಬ ಸಾದಾ ಮಾತು ನಮ್ಮ ನಮೂನೆಗಳಿಗೆ ಇನ್ನೂ ತಿಳಿದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಸಾಲಿ ಮುಚ್ಚಿದಾಗ ಮೇಡಂ ತಾಂಡಾಕ್ಕೇ ಹೋಗಿಬಂದರು. ಎಂಟನೆಯ ತರಗತಿಯಲ್ಲಿ ಅವನು ಎನ್‌ಎಂಎಂಎಸ್ ಬರೆದ, ಆಯ್ಕೆಯಾಗಲಿಲ್ಲ. ಆದರೆ ಸಾಲಿ ಬಿಡಲಿಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿದ. ಪರೀಕ್ಷೆ ಅವನನ್ನು ಕಂಡುಹಿಡಿಯಲಿಲ್ಲ, ಅವನ ಮೇಡಂ ಕಂಡುಹಿಡಿದರು.

ಮಾಸ್ತರ ಗೆಳೆಯರಿಗೆ ನಾನು ಕಲಿತ ನಾಲ್ಕು ಮಾತು ಇಡುತ್ತೇನೆ. ಒಂದು, ಹತ್ತು ಲೆಕ್ಕ ಕೊಡುವಾಗ ಕಡೆಯ ಮೂರು ಕಠಿಣ ಲೆಕ್ಕ ಮೊದಲು ಮಾಡಲು ಬಿಡಿ. ಅವು ಸರಿಯಾದರೆ ಉಳಿದ ಏಳರಿಂದ ಆ ಮಗುವಿಗೆ ಬಿಡುಗಡೆ. ಎರಡು, ಬಿಡುಗಡೆಯಾದ ಮಗುವಿಗೆ ಅದೇ ತರಹದ ಇನ್ನೂ ಹತ್ತು ಲೆಕ್ಕ ಕೊಡಬೇಡಿ, ಬೇಗ ಮುಗಿಸಿದ್ದಕ್ಕೆ ಅದು ಶಿಕ್ಷೆಯಾಗುತ್ತದೆ. ಉತ್ತರ ಒಂದೇ ಇಲ್ಲದ ಪ್ರಶ್ನೆ ಕೊಡಿ, ಪುಸ್ತಕ ಕೊಡಿ, ಅಂಗಡಿ ಲೆಕ್ಕ ಕೊಡಿ. ಮೂರು, ಅದನ್ನು ನಿಮ್ಮ ಸಂಬಳವಿಲ್ಲದ ಆಳು ಮಾಡಿಕೊಳ್ಳಬೇಡಿ. ನಾಲ್ಕು, ಒಬ್ಬರೇ ಹೊರಬೇಡಿ. ಎರಡು ತರಗತಿ ನೋಡುವ ಮಾಸ್ತರರಿಗೆ ಇದು ಭಾರವೇ. ಪಕ್ಕದ ಊರಿನವರನ್ನು, ಹೈಸ್ಕೂಲಿನವರನ್ನು ಕೇಳಿ. ಕೇಳಲು ಬಂದ ಮಾಸ್ತರರಿಗೆ ಉಪದೇಶ ಮಾಡಬೇಡಿ. ನೋಟುಬುಕ್ಕು ನಡುವೆ ಇಟ್ಟುಕೊಂಡು, ಮಗು ಎಲ್ಲಿ ಕೂಡುತ್ತದೆ ಎಂಬುದರಿಂದ ಮಾತು ಶುರು ಮಾಡಿ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75 ದಾಟಿದಾಗ ರಾಯಚೂರು ಜಿಲ್ಲೆಯದು 60 ಮುಟ್ಟಿರಲಿಲ್ಲ. ಹಿಂದುಳಿದ ಜಿಲ್ಲೆ ಅಂತ ನಮ್ಮನ್ನು ಕರೆಯುತ್ತಾರೆ. ಸಂವಿಧಾನಕ್ಕೆ 371(ಜೆ) ಸೇರಿತು, ನೌಕರಿ ಮತ್ತು ವೃತ್ತಿ ಶಿಕ್ಷಣದ ಸೀಟುಗಳಲ್ಲಿ ನಮ್ಮ ಭಾಗಕ್ಕೆ ಪಾಲು ಬಂತು. ಹತ್ತಿ ಹೊಲದಲ್ಲಿ ಉಳಿದ ಮಗುವಿಗೆ ಆ ಸೀಟಿನ ಪತ್ರ ಯಾವ ವಿಳಾಸಕ್ಕೆ ಬರಬೇಕು?

ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರ ಹುಡುಕುತ್ತ ಅಲೆಯುವಾಗ ಕಂಡದ್ದು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ಖಾತ್ರಿ ಮಾಡಿಕೊಟ್ಟ ಕಲ್ಲು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಹೆಸರು ಕಲಿಸುತ್ತೇವೆ, ಹೇಳಿದ್ದನ್ನು ಕಲಿಸುವುದಿಲ್ಲ. ಧರ್ಮದಲ್ಲಿ ತೊಡಗಿದ ಸಣ್ಣ ಮನುಷ್ಯನೂ ಈ ಗುರಿ ಮುಟ್ಟಬಲ್ಲ, ದೊಡ್ಡವರು ಮಾತ್ರ ಮುಟ್ಟುತ್ತಾರೆ ಎಂದು ತಿಳಿಯಬೇಡಿ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿ ಎಂಬ ಅರ್ಥದ ಮಾತು ಅದರಲ್ಲಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ಊರ ಕಲ್ಲಿನ ಮೇಲೆ ಬರೆದದ್ದನ್ನು ನಮ್ಮ ಹಾಜರಿ ಪುಸ್ತಕಗಳು ಇನ್ನೂ ಓದಿಲ್ಲ.

ಹೋದ ಹಂಗಾಮಿನಲ್ಲಿ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು "ಸರ, ಗುರ್ತು ಸಿಕ್ತೇನ್ರಿ?" ಅಂದಳು. ಅವಳೇ. ಕೈಯಲ್ಲಿ ಕೂಸು. ಈಗ ನಾಟಿ ಗುಂಪಿನ ಲೆಕ್ಕವೆಲ್ಲ ಅವಳದೇ ಅಂತೆ, ಮೇಸ್ತ್ರಿಗಳು ಅವಳಿಗೆ ಹೆದರುತ್ತಾರಂತೆ. ನಗುತ್ತ ಹೇಳಿದಳು. ನಾನು ನಗಲಿಲ್ಲ. ತಪ್ಪೊಪ್ಪಿಕೊಳ್ಳಬೇಕೆಂದು ಬಾಯಿ ತೆರೆದೆ, ಮಾತು ಹೊರಡಲಿಲ್ಲ.

ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ ಕೇಳಿದಳು:

"ಸರ, ಅವತ್ತು ನೀವು ಹೇಳಲೇ ಇಲ್ಲ. ಶೂನ್ಯದಿಂದ ಭಾಗಿಸಿದ್ರ ಏನಾಗ್ತೈತ್ರಿ?"